ಹಸಿವಿನಲ್ಲಿಟ್ಟ ನೆಲ

ಆ ನೆಲಕ್ಕೆ ಏನನ್ನೂ ತಿನ್ನಲು ಕೊಡಬಾರದು ಎಂಬುದೊಂದೇ ನಿಯಮವಿತ್ತು. ಸೊಂಟದೆತ್ತರದ ತಂತಿ ಬೇಲಿಗೆ ಅದನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬೋರ್ಡಿನ ಮೇಲೆ ಬರೆದು ತೂಗುಹಾಕಿದ್ದರು. ಓದಲು ಬಾರದವರಿಗಾಗಿ ಒಂದು ರೊಟ್ಟಿಯ ಚಿತ್ರ ಬಿಡಿಸಿ, ಅದರ ಮೇಲೆ ಕೆಂಪು ಗೆರೆ ಎಳೆದಿದ್ದರು. ಚಿತ್ರ ಬರೆದವನು ಜನ್ಮದಲ್ಲಿ ರೊಟ್ಟಿ ಕಂಡವನಲ್ಲ ಎಂದು ಪಕ್ಕದ ಊರು ಎರಿಹಾಳದ ಹೆಂಗಸರು ಹೇಳುತ್ತಿದ್ದರು. ಕೆಲವರಿಗೆ ಅದು ಬಂಡಿಯ ಗಾಲಿಯ ಹಾಗೆ ಕಾಣುತ್ತಿತ್ತು.

ಬೇಲಿಯ ಒಳಗೆ ಹುಲ್ಲಿರಲಿಲ್ಲ. ಜಾಲಿಯ ಗಿಡಗಳನ್ನು ಬೇರುಸಹಿತ ಕಿತ್ತು ಸಾಗಿಸಿದ್ದರು. ಆಡು ನುಗ್ಗಿ ಹಿಕ್ಕೆ ಹಾಕದಂತೆ ಬೇಲಿಯ ಬುಡಕ್ಕೆ ಬಲೆ ಹೊಡೆದಿದ್ದರು. ಕೆಲಸದವರು ಬುತ್ತಿಯನ್ನು ಗೇಟಿನ ಹೊರಗಿಟ್ಟು, ಕೈ ಬಾಯಿ ತೊಳೆದುಕೊಂಡು, ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕಿತ್ತು. ಅಷ್ಟು ಬೋಳಾದ ನೆಲದ ಮೇಲೆ ಬೂದಿಬಣ್ಣದ ತೆಳು ಚರ್ಮದಂಥದೊಂದು ಹರಡಿಕೊಂಡಿತ್ತು. ಪ್ರಯೋಗಾಲಯದವರು ಅದನ್ನು ಪದರ ಎನ್ನುತ್ತಿದ್ದರು. ಊರವರು ಹಸಿದಾಕಿ ಎನ್ನುತ್ತಿದ್ದರು.

ಒಂದು ಕಾಲಕ್ಕೆ ಆ ಜಾಗ ಸೇನೆಯ ವಿಮಾನಗಳು ಇಳಿಯುವ ಪಟ್ಟಿ. ಊರವರ ಬಾಯಲ್ಲಿ ಬರೀ ಕ್ಯಾಂಪು. ಅಲ್ಲಿ ಸಿಪಾಯಿಗಳು ಹಳೆಯ ವಿಮಾನದ ಅಸ್ಥಿಪಂಜರಕ್ಕೆ ಎಣ್ಣೆ ಸುರಿದು ಬೆಂಕಿ ಹಚ್ಚುತ್ತಿದ್ದರು, ಆಮೇಲೆ ಬಿಳಿಯ ನೊರೆ ಹೊಡೆದು ಆರಿಸುತ್ತಿದ್ದರು. ಬೆಂಕಿ ಆರಿಸುವುದನ್ನು ಕಲಿಯಲು ಪ್ರತಿ ವಾರ ಬೆಂಕಿ ಹಚ್ಚಬೇಕಾಗುತ್ತಿತ್ತು. ಊರ ಮಕ್ಕಳು ನೋಡಲು ಹೋಗುತ್ತಿದ್ದರು. ಮಳೆ ಬಂದಾಗ ನೊರೆ ಹಳ್ಳದಲ್ಲಿ ತೇಲಿ ಬರುತ್ತಿತ್ತು. ಹುಡುಗಿಯರು ಅದರಿಂದ ತಲೆ ತೊಳೆದುಕೊಳ್ಳುತ್ತಿದ್ದರು. ಮುಂದೊಂದು ದಿನ ಕ್ಯಾಂಪು ಮುಚ್ಚಿತು. ನೊರೆ ಹೋಗಲಿಲ್ಲ. ಅದು ಕೊಳೆಯುವ ಜಾತಿಯದಲ್ಲ, ಸುಡುವ ಜಾತಿಯದೂ ಅಲ್ಲ. ನೆಲದಲ್ಲಿ ಇಳಿದು ಬಾವಿಗೆ ಬಂತು, ಬಾವಿಯಿಂದ ಜನರ ರಕ್ತಕ್ಕೆ ಬಂತು. ಇದು ಗೊತ್ತಾಗುವ ಹೊತ್ತಿಗೆ ಬೆಂಕಿ ಹಚ್ಚಿದವರು ನಿವೃತ್ತರಾಗಿದ್ದರು, ಹಚ್ಚಲು ಹೇಳಿದವರು ಸತ್ತಿದ್ದರು. ಕ್ಯಾಂಪೇ ಇಲ್ಲವಾದ್ದರಿಂದ ಅದರ ಪರವಾಗಿ ಉತ್ತರ ಕೊಡುವ ಅಧಿಕಾರಿಯೂ ಇಲ್ಲ ಎಂಬ ಉತ್ತರ ಊರಿನ ಪ್ರತಿ ಅರ್ಜಿಗೂ ಬರುತ್ತಿತ್ತು. ಆ ಉತ್ತರಕ್ಕೆ ಸಹಿ ಹಾಕಿದ ಅಧಿಕಾರಿ ಪ್ರತಿ ಸಲವೂ ಬೇರೆಯಾಗಿರುತ್ತಿದ್ದ.

ಕೊನೆಗೆ ಬಂದದ್ದು, ನೆಲ ಶುದ್ಧ ಮಾಡಿಕೊಡುವ ಕರಾರಿನ ಮೇಲೆ, ಒಂದು ಕಂಪನಿ, ಅದರ ಜೊತೆ ಪದರ.

ಪದರವೆಂದರೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳ ಹೆಣಿಗೆ. ನೊರೆಯ ವಿಷದಲ್ಲಿ ಇಂಗಾಲವೂ ಫ್ಲೋರಿನ್ನೂ ಒಂದನ್ನೊಂದು ಹಿಡಿದುಕೊಂಡಿರುವ ಹಿಡಿತವನ್ನು ಬಿಡಿಸಲು ಬೇರೆ ಯಾವ ಜೀವಿಗೂ ಆಗುವುದಿಲ್ಲ. ಈ ಜೀವಿಗಳಿಗೆ ಆಗುವಂತೆ ಪ್ರಯೋಗಾಲಯದಲ್ಲಿ ಮಾಡಿದ್ದರು. ಬಿಡಿಸಿದ ಫ್ಲೋರಿನ್ ಬೇಲಿಯ ಸುತ್ತ ತೋಡಿದ ಸುಣ್ಣದ ಕಾಲುವೆಗೆ ಹರಿದು ಅಲ್ಲೇ ಗಟ್ಟಿಯಾಗುತ್ತಿತ್ತು. ಆದರೆ ಅಷ್ಟು ಕಷ್ಟಪಟ್ಟು ಬಿಡಿಸಿದರೂ ಜೀವಿಗೆ ಸಿಗುವ ಶಕ್ತಿ ಅತ್ಯಲ್ಪ. ಕಲ್ಲು ಬೇಯಿಸಿ ಉಂಡ ಹಾಗೆ. ಬೇರೇನೂ ಸಿಗದಿದ್ದಾಗ ಮಾತ್ರ ಅದು ಈ ಕೆಲಸಕ್ಕೆ ಕೈಹಾಕುತ್ತದೆ. ಒಂದು ಒಣಗಿದ ಎಲೆ ಸಿಕ್ಕರೂ ಸಾಕು, ವಿಷ ಒಡೆಯುವ ಯಂತ್ರವನ್ನು ತನ್ನೊಳಗೇ ಬಂದ್ ಮಾಡಿ ಎಲೆ ತಿನ್ನಲು ಕೂರುತ್ತದೆ.

ಇದನ್ನೆಲ್ಲ ಮಹಾನಂದಾ ಪ್ರಯೋಗಾಲಯದ ವಿಜ್ಞಾನಿ ಡಾಕ್ಟರ್ ವಾರಿಜಾರಿಂದ ಕಲಿತಿದ್ದಳು. ಊರಿನ ಒಬ್ಬರಿಗಾದರೂ ಕೆಲಸ ಕೊಡಬೇಕೆಂಬ ಷರತ್ತಿನ ಮೇಲೆ, ಬಿ.ಎಸ್ಸಿ. ಮುಗಿಸಿದ ಸೊಸೆ ಎಂಬ ಕಾರಣಕ್ಕೆ, ಅವಳನ್ನು ನಿಯಂತ್ರಣ ಕೊಠಡಿಗೆ ತೆಗೆದುಕೊಂಡಿದ್ದರು. ಸಿಪಾಯಿಗಳ ಹಳೆಯ ವೈರ್‌ಲೆಸ್ ಕೋಣೆಯೇ ಈಗ ನಿಯಂತ್ರಣ ಕೊಠಡಿ. ನೆಲದಲ್ಲಿ ನೆಟ್ಟ ಕಂಬಗಳು ಎಷ್ಟು ಫ್ಲೋರಿನ್ ಬಿಡುಗಡೆಯಾಗುತ್ತಿದೆ ಎಂದು ಅಳೆದು ಕಳಿಸುತ್ತಿದ್ದವು. ಪರದೆಯ ಮೇಲೆ ಹಸಿರು ಪಟ್ಟೆಗಳು ಏಳುತ್ತಿದ್ದವು. ಆಡು ನಾಯಿಗಳ ಸದ್ದು ಹಿಡಿಯಲು ಕಂಬಗಳಲ್ಲಿ ಮೈಕುಗಳೂ ಇದ್ದವು. ದಿನವಿಡೀ ಗಾಳಿಯ ಸದ್ದು ಕೇಳುತ್ತ, ಪಟ್ಟೆಗಳು ಇದ್ದಲ್ಲೇ ಇವೆಯೇ ಎಂದು ನೋಡುತ್ತ ಕೂರುವುದು ಅವಳ ಕೆಲಸ. ಏನೂ ಆಗದಿದ್ದರೆ ಅಂದಿನ ಕೆಲಸ ಚೆನ್ನಾಗಿ ಆಯಿತೆಂದು ಅರ್ಥ.

ಆಗಾಗ ರಕ್ತದ ವ್ಯಾನು ಬರುತ್ತಿತ್ತು. ಊರಿನಲ್ಲಿ ಪ್ರತಿಯೊಬ್ಬರಿಗೂ ರಕ್ತದಲ್ಲಿ ನೊರೆಯ ವಿಷ ಎಷ್ಟಿದೆ ಎನ್ನುವ ಒಂದು ಅಂಕಿ ಇತ್ತು. ಮದುವೆ ಮಾತುಕತೆಯಲ್ಲೂ ಕೇಳುತ್ತಿದ್ದರು, ವ್ಯಾನಿನಿಂದ ಇಳಿದ ಗೆಳೆಯರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು.

"ನಿಂದೆಷ್ಟು ಬಂತು?"

"ಐವತ್ತು ದಾಟೇತಿ."

"ಶಾಲ್ಯಾಗ ಎಂದೂ ಅಷ್ಟ ಬಂದಿದ್ದಿಲ್ಲ ಬಿಡು ನಿನಗ."

ಅಂಕಿ ಇಪ್ಪತ್ತಕ್ಕೆ ಇಳಿಯುವವರೆಗೆ ಬಸಿರಾಗುವುದು ಬೇಡ ಎಂದು ವ್ಯಾನಿನವರು ಹೆಂಗಸರಿಗೆ ಹೇಳುತ್ತಿದ್ದರು. ತಾಯಿಯ ರಕ್ತದಲ್ಲಿರುವುದು ಹೊಟ್ಟೆಯಲ್ಲೂ ಹಾಲಿನಲ್ಲೂ ಕೂಸಿಗೆ ಇಳಿಯುತ್ತದೆ. ಚೊಚ್ಚಲು ಕೂಸಿಗೆ ಎಲ್ಲರಿಗಿಂತ ಹೆಚ್ಚು. "ಮೊದಲನೇ ಮಗು ತಾಯಿಯನ್ನು ತೊಳೆದುಬಿಡ್ತದೆ," ಎಂದು ವಾರಿಜಾ ಒಮ್ಮೆ ಬಾಯಿತಪ್ಪಿ ಅಂದಿದ್ದರು. ಉಡುಪಿ ಕಡೆಯ ಹೆಂಗಸು, ಮದುವೆಯಾದವರಲ್ಲ, ಆ ಮಾತನ್ನು ಪಾಠದ ಮಾತಿನಂತೆ ಹೇಳಿ, ಆಮೇಲೆ ಮಹಾನಂದಾಳ ಮುಖ ನೋಡಿ ಪರದೆಯ ಕಡೆ ತಿರುಗಿದ್ದರು.

ಮಹಾನಂದಾಳದು ಮೂವತ್ತೇಳು ಇತ್ತು. ಪದರ ನೆಲವನ್ನು ತಿಂದು, ಬಾವಿಯ ನೀರು ತಿಳಿಯಾಗಿ, ಗಾಳಿಯ ಧೂಳೂ ಹಿತ್ತಲ ಸೊಪ್ಪೂ ಶುದ್ಧವಾಗಿ, ಟ್ಯಾಂಕರಿನ ನೀರನ್ನಷ್ಟೇ ಕುಡಿಯುತ್ತ ಕಾದರೆ ಒಂದೆರಡು ವರ್ಷದಲ್ಲಿ ಇಪ್ಪತ್ತಕ್ಕೆ ಬರಬಹುದಿತ್ತು. ಅವಳ ಗಂಡ ಮಾನಿಂಗಪ್ಪ ಗಾಳಿಯಂತ್ರ ದುರಸ್ತಿಗೆಂದು ಊರೂರು ತಿರುಗುವವನು, ವಾರಕ್ಕೊಮ್ಮೆ ಬರುತ್ತಿದ್ದ. ಬಂದಾಗ ಅವಳ ಅಂಕಿ ಕೇಳುತ್ತಿರಲಿಲ್ಲ. ಕ್ಯಾಂಪಿನ ಪಟ್ಟೆಗಳು ಹೇಗಿವೆ ಎಂದು ಕೇಳುತ್ತಿದ್ದ. ಎರಡೂ ಒಂದೇ ಪ್ರಶ್ನೆ.

ಅತ್ತೆ ಕಾಶವ್ವ ಅದನ್ನೂ ಕೇಳುತ್ತಿರಲಿಲ್ಲ. ಓಣಿಯ ಹೆಂಗಸರು ಸೊಸೆಯ ಬಗ್ಗೆ ಬಾಯಿ ತೆಗೆದರೆ, "ನಮ್ಮ ಮನ್ಯಾಗಿನ ತೊಟ್ಲಾ ನಿಮಗ್ಯಾಕ ಭಾರಾತು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಮಾತಾಡದೆ ಉಳಿದದ್ದನ್ನು ಅವಳು ಬೇರೆ ಕಡೆ ಸಾಗಿಸುತ್ತಿದ್ದಳು. ಸಂಜೆ ಬೇಲಿಯ ಹತ್ತಿರ ಹೋಗಿ ಬೂದಿಬಣ್ಣದ ನೆಲವನ್ನು ನೋಡುತ್ತ ನಿಲ್ಲುತ್ತಿದ್ದಳು.

"ಬಡಕಲಾಗ್ಯಾಳ ನೋಡು," ಎಂದಳು ಒಮ್ಮೆ. "ಉಣ್ಣಾಕಿಲ್ಲದಾಕಿ ಯಾರಿಗೆ ಏನ್ ಕೊಟ್ಟಾಳು?"

"ಅದು ಹಂಗs ಇರಬೇಕ್ರಿ ಅತ್ತಿ."

"ಹೂಂ. ಯಾರೋ ಹಂಗಂದ್ರು, ನಾವು ಹೂಂ ಅಂದ್ವಿ."

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವುದು ಆ ಕಡೆಯ ಪದ್ಧತಿ. ಹೊಲದಲ್ಲಿ ಜೋಳ ತೆನೆಗಟ್ಟುವ ಹೊತ್ತಿಗೆ ಭೂಮಿ ಬಸಿರಿ ಎಂದು ತಿಳಿದು, ಸಜ್ಜಿರೊಟ್ಟಿ, ಕಡಬು, ಎಳ್ಳಹೋಳಿಗೆ, ಪುಂಡಿಪಲ್ಲೆ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಒಬ್ಬರು ಕೂಗು ಹಾಕುತ್ತ ಅನ್ನ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತಾರೆ. ಎರಿಹಾಳದಲ್ಲಿ ಅದು ನಿಂತುಹೋಗಿತ್ತು. ಕ್ಯಾಂಪಿನ ಸುತ್ತಲಿನ ಹೊಲಗಳಲ್ಲಿ ಬಿತ್ತಬಾರದೆಂದು ಹೇಳಿದ್ದರು. ಬೆಳೆಯಿಲ್ಲದ ಹೊಲಕ್ಕೆ ಯಾರು ಉಣ್ಣಿಸುತ್ತಾರೆ? ಆ ವರ್ಷ ಕಾಶವ್ವನಿಗೆ ಹೊಳೆಯಿತು: ಬೆಳೆ ಇಲ್ಲ ನಿಜ, ಆದರೆ ಊರಿನಲ್ಲಿ ದುಡಿಯುವ ನೆಲ ಒಂದಿದೆಯಲ್ಲ.

ಅಂದು ಕೊಠಡಿಗೆ ರಜೆ. ವಾರಿಜಾ ಪೇಟೆಗೆ ಹೋಗಿದ್ದರು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬೇಲಿಯ ಸುತ್ತ ಬಂದು ಕೂತಿತು. ನೀರಿನ ಟ್ಯಾಂಕರ್ ಓಡಿಸುವ ದಾವಲಸಾಬ ಕೂಡ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಎಷ್ಟೋ ವರ್ಷದ ಮೇಲೆ ಎಲ್ಲರೂ ಒಂದು ಕಡೆ ಕೂತು ಉಂಡರು. ಬಿಸಿಲು ಹಿತವಾಗಿತ್ತು. ಉಂಡಮೇಲೆ ಕಾಶವ್ವ ಎದ್ದು, ಕಲಸಿದ ಅನ್ನದ ಬುಟ್ಟಿ ಸೊಂಟಕ್ಕಿಟ್ಟುಕೊಂಡು, ಒಂದು ಹಿಡಿ ತೆಗೆದು ಮಹಾನಂದಾಳ ಕೈಯಲ್ಲಿಟ್ಟಳು.

"ಮೊದಲ ನೀ ಚೆಲ್ಲು. ನಿನ್ನ ಸಲುವಾಗೇ ಮಾಡಿದ್ದು."

ಮಹಾನಂದಾಳಿಗೆ ಗೊತ್ತಿತ್ತು. ಆ ಬೋರ್ಡನ್ನು ಕಟ್ಟಿಸಿದವಳೇ ಅವಳು. ಆದರೆ ಒಂದು ಹಿಡಿ. ಇಷ್ಟು ದೊಡ್ಡ ನೆಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಅತ್ತೆಯ ಕೈ ಇನ್ನೂ ಅವಳ ಕೈಯ ಕೆಳಗಿತ್ತು, ಬೆಚ್ಚಗೆ. ಅವಳು ಚೆಲ್ಲಿದಳು.

ಆಮೇಲೆ ಪ್ರತಿಯೊಬ್ಬರೂ ಒಂದೊಂದೇ ಹಿಡಿ ಚೆಲ್ಲಿದರು.

*

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಬೂದಿಬಣ್ಣದ ನಡುವೆ ಅಲ್ಲಲ್ಲಿ ಬೆಳ್ಳಗಿನ ಮಚ್ಚೆಗಳು ಎದ್ದವು, ಹೆಪ್ಪುಗಟ್ಟಿದ ಮೊಸರಿನ ಹಾಗೆ. ಪರದೆಯ ಮೇಲೆ ಪಟ್ಟೆಗಳು ಕುಗ್ಗತೊಡಗಿದವು. ಊರಿನಲ್ಲಿ ಸಂತೋಷವಿತ್ತು. ಹಸಿದಾಕಿಯ ಹೊಟ್ಟೆ ತಂಪಾಯಿತು, ಮೈ ತುಂಬಿಕೊಂಡಳು ಎಂದು ಹೆಂಗಸರು ಮಾತಾಡಿಕೊಂಡರು. ದಾರಿಯಲ್ಲಿ ಹೋಗುವವರು ಬೇಲಿಯಾಚೆ ರೊಟ್ಟಿಯ ಚೂರು ಎಸೆಯತೊಡಗಿದರು. ಒಂದು ಮನೆಯವರು ಕೂಸಿನ ಹೆಸರಿಡುವ ಪಾಯಸವನ್ನೂ ತಂದು ಸುರಿದರು.

"ಚಳಿ ಜಾಸ್ತಿ ಆಯ್ತಾ ಅಂತ," ಎಂದು ವಾರಿಜಾ ಪರದೆ ನೋಡುತ್ತ ಹೇಳಿದರು. ಅವರ ಕಣ್ಣಿನ ಕೆಳಗೆ ಕಪ್ಪಿತ್ತು. "ಇಷ್ಟು ಚಳಿಗೆ ಹೀಗೆ ಆಗ್ಬಾರ್ದು. ಎಂಥದೋ ತಪ್ಪಿದೆ. ನನ್ನ ಲೆಕ್ಕವೇ ತಪ್ಪೋ ಏನೋ."

ಮಹಾನಂದಾ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ವಾರಿಜಾ ಊಟ ಬಿಟ್ಟು ಹಳೆಯ ಲೆಕ್ಕಗಳನ್ನೆಲ್ಲ ಮೊದಲಿನಿಂದ ಮಾಡಲು ಕೂತಾಗ ತಡೆಯಲಾಗಲಿಲ್ಲ.

"ಚಳಿ ಅಲ್ರಿ ಮೇಡಂ. ಚರಗಾ ಚೆಲ್ಲೇವ್ರಿ."

ಚರಗವೆಂದರೇನು ಎಂದು ವಿವರಿಸಬೇಕಾಯಿತು. ವಾರಿಜಾ ಪೂರ್ತಿ ಕೇಳಿಸಿಕೊಂಡರು.

"ಎಷ್ಟು ಜನ?"

"ಊರೆಲ್ಲಾ."

"ನೀನೂ?"

"ನಾನೂ ರೀ."

ವಾರಿಜಾ ಮೇಜಿನ ಮೇಲೆ ಹಣೆ ಇಟ್ಟುಕೊಂಡರು. ಅಲ್ಲಿಂದಲೇ ಅವರ ದನಿ ಬಂತು. "ಒಳ್ಳೇದಾಯ್ತು ಮಾರಾಯ್ತಿ. ಊರಲ್ಲಿ ನಾನೊಬ್ಳೇ ಬಾಕಿ."

ಆಮೇಲೆ ಅವರು ಹೇಳಿದ್ದು ಇಷ್ಟು. ಊರವರು ನೆಲಕ್ಕೆ ಏನಾದರೂ ಹಾಕಿದರೆ ಕಂಪನಿ ದಂಡವಿಲ್ಲದೆ ಕೆಲಸ ಬಿಟ್ಟು ಹೋಗಬಹುದೆಂದು ಕರಾರಿನಲ್ಲಿದೆ. ಕಂಪನಿಗೆ ಇಲ್ಲಿ ನಷ್ಟವಾಗುತ್ತಿದೆ. ಬೇರೆ ದೇಶದ ಇಂಥದೇ ಕ್ಯಾಂಪುಗಳು ಕರೆಯುತ್ತಿವೆ. ಅದು ನೆಪ ಹುಡುಕುತ್ತಲೇ ಇದೆ. ಬರುವ ವಾರ ಪರಿಶೀಲನಾ ಸಮಿತಿ ಬರುತ್ತದೆ, ಕೆಲಸ ಮುಂದುವರಿಯಬೇಕೇ ಎಂದು ನಿರ್ಧರಿಸಲು. ಚಳಿಯಿಂದ ಹೀಗಾಯಿತೆಂದರೆ ಪದರವೇ ಕೆಲಸಕ್ಕೆ ಬಾರದ್ದು ಎನ್ನುತ್ತಾರೆ. ಅನ್ನ ಚೆಲ್ಲಿದರೆಂದರೆ ಊರು ಕರಾರು ಮುರಿಯಿತು ಎನ್ನುತ್ತಾರೆ.

"ಬಿಟ್ಟರೆ ಅದಾಗೇ ಎಲ್ಲ ತಿಂದು ಮುಗಿಸಿ ಮತ್ತೆ ಹಸೀತದೆ. ಆದ್ರೆ ಅಷ್ಟು ಸಮಯ ಇಲ್ಲ. ಸಮಿತಿ ಬರೋದ್ರೊಳಗೆ ಚೆಲ್ಲಿದ್ದನ್ನು ಹೆಕ್ಕಿ ತೆಗೀಬೇಕು. ಕೈಯಲ್ಲೇ. ಯಂತ್ರ ಹಾಕಿದ್ರೆ ಪದರ ಹರೀತದೆ. ಒಂದೊಂದು ಎಳ್ಳೂ ಬಿಡದ ಹಾಗೆ. ನಿಮ್ಮವ್ರು ಬರ್ತಾರಾ?"

"ಕೇಳ್ತೀನ್ರಿ."

"ಸದ್ದು ಮಾಡದೆ ಬರ್ಲಿಕ್ಕೆ ಹೇಳು."

*

ಕಾಶವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಹಾನಂದಾ ಹೇಳುವುದನ್ನೆಲ್ಲ ಬಡಿಯುತ್ತಲೇ ಕೇಳಿದಳು. ತೆಗೆಯಬೇಕು ಎಂಬ ಮಾತು ಬಂದಾಗ ಕೈ ನಿಂತಿತು.

"ಭೂಮಿತಾಯಿಗೆ ಉಣ್ಣಾಕ ಕೊಟ್ಟಿದ್ದು. ಬಾಯಾಗಿಂದು ಕಸಗೊಂಡ ಬರೂದಾ?"

"ಅಕಿ ನಮ್ಮ ಅನ್ನ ಉಂಡ್ರ ವಿಷಾ ತಿನ್ನಂಗಿಲ್ರಿ ಅತ್ತಿ. ಬೆಳ್ಳಗಾಗಿದ್ದು ಮೈ ತುಂಬಿ ಅಲ್ಲ. ಕೆಲಸಾ ಬಿಟ್ಟಾಳ."

"ಹೊಟ್ಟಿ ತುಂಬಿದ ಮ್ಯಾಲೆ ಯಾರು ವಿಷಾ ತಿಂತಾರ?"

"ಯಾರೂ ತಿನ್ನಂಗಿಲ್ರಿ."

"ಹಂಗಾರ ಅಕಿನ್ನ ಉಪಾಸ ಕೆಡವಿ ವಿಷಾ ತಿನ್ನಸಾಕತ್ತೀವಿ."

ಮಹಾನಂದಾ ಬಹಳ ದಿನಗಳಿಂದ ಇದನ್ನು ಬೇರೆ ಮಾತುಗಳಲ್ಲಿ ತಿಳಿದುಕೊಂಡಿದ್ದಳು. ಈ ಮಾತುಗಳಲ್ಲಿ ಕೇಳಿದ್ದು ಮೊದಲ ಸಲ. "ಹೌದ್ರಿ," ಎಂದಳು.

"ಯಾರ ಸಲುವಾಗಿ?"

ಕಾಶವ್ವ ಸೊಸೆಯ ಮುಖ ನೋಡಿದಳು, ಆಮೇಲೆ ಅವಳ ಹೊಟ್ಟೆಯ ಕಡೆ ನೋಡಿದಳು, ಆಮೇಲೆ ಹಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿಯನ್ನು ತಿರುವಿಹಾಕಿದಳು. ಸೊಸೆಗೆ ಬಡಿಸಿ, ತಾನು ಉಣ್ಣದೆ ಹೋಗಿ ಮಲಗಿದಳು.

ಬೆಳಗಾದಾಗ ಅವಳೇ ಮನೆ ಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿದ್ದಳು. ಒಂದೇ ಷರತ್ತು ಹಾಕಿದಳು. "ಕಳ್ಳರಂಗ ತಗೊಳ್ಳೂದು ಬ್ಯಾಡ. ಯಾರು ಎಷ್ಟ ಕೊಟ್ಟೀವಿ, ಎಷ್ಟ ತಗೊಳ್ಳಾಕತ್ತೀವಿ, ಅಕಿಗೆ ಕೇಳಿಸೂ ಹಂಗ ಹೇಳಿ ತಗೋಬೇಕು. ಕೊಟ್ಟದ್ದು ತಿರುಗಿ ಇಸಗೊಳ್ಳಾಕ ಅಷ್ಟರ ಮರ್ಯಾದಿ ಬೇಕು."

ಸದ್ದು ಮಾಡಬಾರದೆಂದು ಮಹಾನಂದಾ ಹೇಳಲು ಹೋದಳು. ಅಷ್ಟೊತ್ತಿಗೆ ಕೊಠಡಿಯಿಂದ ವಾರಿಜಾರ ಫೋನು ಬಂತು: ಕಂಪನಿಯ ಪ್ರತಿನಿಧಿ ಸಮಿತಿಗಿಂತ ಮೊದಲೇ ಬಂದು ಕೂತಿದ್ದಾನೆ, ಬೇಗ ಬಾ. ಹೋಗುವ ಗಡಿಬಿಡಿಯಲ್ಲಿ ಅವಳು ಹೇಳಿದ್ದು, "ಮೆತ್ತಗ ಹೇಳ್ರಿ ಅತ್ತಿ," ಎಂದಷ್ಟೇ. ಮೈಕುಗಳ ನೆನಪು ದಾರಿಯಲ್ಲಿ ಬಂತು.

ಪ್ರತಿನಿಧಿ ಬಿಳಿ ಅಂಗಿಯ ಮಿತಭಾಷಿ. ಪರದೆಯ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ಕಿಟಕಿಯಾಚೆ ದೂರದಲ್ಲಿ ಹೆಂಗಸರು ಗೇಟಿನಿಂದ ಒಳಗೆ ಬರುವುದು ಕಾಣಿಸುತ್ತಿತ್ತು. ಕೈಗೆ ರಬ್ಬರಿನ ಗವಸು, ಸೊಂಟಕ್ಕೆ ಪ್ಲಾಸ್ಟಿಕ್ ಚೀಲ. ಕಳೆ ತೆಗೆಯುವಾಗಿನ ಹಾಗೆ ಸಾಲಾಗಿ ಕುಕ್ಕರಗಾಲಿನಲ್ಲಿ ಕೂತರು, ಕೂತಲ್ಲೇ ಮುಂದೆ ಸರಿಯತೊಡಗಿದರು.

"ಇವರು ಏನು ಮಾಡ್ತಿದ್ದಾರೆ?"

"ಕಸ ಹೆಕ್ತಿದ್ದಾರೆ," ಎಂದರು ವಾರಿಜಾ. "ಗಾಳಿಗೆ ಬಂದು ಬೀಳ್ತದೆ."

ಅಷ್ಟರಲ್ಲಿ ಸ್ಪೀಕರಿನಲ್ಲಿ ಗಾಳಿಯ ಸದ್ದಿನ ನಡುವೆ ಕಾಶವ್ವನ ದನಿ ಕೇಳಿಸಿತು. ಮೆತ್ತಗಿನ ದನಿಯೇ. ಕಂಬ ಅವಳ ಪಕ್ಕದಲ್ಲೇ ಇತ್ತು.

"ತಾಯಿ, ನಾ ಕಾಶವ್ವ. ನಾಕ ಕಡಬು, ಒಂದ ಬುಟ್ಟಿ ಅನ್ನಾ ಕೊಟ್ಟಿದ್ದೆ. ತಿರುಗಿ ತಗೊಳ್ಳಾಕತ್ತೀನಿ. ಸಿಟ್ಟಾಗಬ್ಯಾಡ."

"ನಾ ಸಿದ್ದವ್ವ. ಸಜ್ಜಿರೊಟ್ಟಿ ಎರಡು, ಪುಂಡಿಪಲ್ಲೆ. ಆಮ್ಯಾಲೆ ಮೊಮ್ಮಗನ ಹೆಸರಿನ ಪಾಯಸಾ."

"ಪಾಯಸಾ ಹ್ಯಾಂಗ ತಿರುಗಿ ತಗೋತಿ ಸಿದ್ದವ್ವಾ? ನೆಕ್ಕತಿ ಏನು?"

ನಗು ಕೇಳಿಸಿತು. ಆಮೇಲೆ ಗಂಡಸಿನ ದನಿ.

"ನಾ ದಾವಲಸಾಬ. ಒಂದ ಎಳ್ಳಹೋಳಿಗಿ, ಒಂದೀಟ ಮೊಸರನ್ನಾ."

"ನಿನ್ನ ಮನ್ಯಾಗ ಹೋಳಿಗಿ ಎಲ್ಲಿಂದ ಬಂತೋ ದಾವಲಾ?"

"ನಿಮ್ಮ ಮನ್ಯಾಗಿಂದs ಬಂದಿತ್ತಲ್ಲಕ್ಕಾ. ಗಟ್ಟಿ ಇತ್ತು, ಅದಕ್ಕs ಚೆಲ್ಲಿದೆ."

ಮಹಾನಂದಾ ಸ್ಪೀಕರಿನ ಗುಂಡಿಯತ್ತ ಕೈ ಚಾಚಿದಳು.

"ಇರಲಿ ಬಿಡಿ," ಎಂದ ಪ್ರತಿನಿಧಿ. ಸಿಟ್ಟಿನಿಂದ ಹೇಳಲಿಲ್ಲ. ಒಂದು ದೊಡ್ಡ ಹುಡುಕಾಟ ತಾನಾಗಿಯೇ ಮುಗಿದವನ ಆಯಾಸ ಅವನ ದನಿಯಲ್ಲಿತ್ತು. ಫೋನನ್ನು ಹೊರತೆಗೆದು, ದನಿ ಮುದ್ರಿಸಿಕೊಳ್ಳಲು ಸ್ಪೀಕರಿನ ಹತ್ತಿರ ಇಟ್ಟ.

ಹೆಸರುಗಳು ಬರುತ್ತಲೇ ಇದ್ದವು. ತಿನಿಸುಗಳು ಬರುತ್ತಲೇ ಇದ್ದವು. ಮೂವರೂ ಕೂತು ಊರಿನ ಅಡುಗೆಯನ್ನೆಲ್ಲ ಕೇಳಿದರು. ಕೊನೆಗೆ ಮತ್ತೆ ಕಾಶವ್ವ.

"ಇಲ್ಲೆ ಒಂದ ಹಿಡಿ ಐತಿ ನೋಡ್ರಿ. ಇದು ನನ್ನ ಸೊಸಿ ಮಹಾನಂದಾಂದು. ಅಕಿ ಒಳಗ ಕೆಲಸದಾಗ ಅದಾಳ, ಬರಾಕ ಆಗಿಲ್ಲ. ಅಕಿ ಕೈಲೆ ನಾನs ಚೆಲ್ಲಿಸಿದ್ದು. ಅಕಿದೇನೂ ತಪ್ಪಿಲ್ಲ ತಾಯಿ, ಇದ್ರ ನಂದೈತಿ."

ಪ್ರತಿನಿಧಿ ತಲೆಯೆತ್ತಿ ಮಹಾನಂದಾಳ ಕಡೆ ನೋಡಿದ. ಅವಳ ಕೊರಳಿನ ಗುರುತಿನ ಚೀಟಿಯ ಮೇಲಿನ ಹೆಸರನ್ನು ಓದಿದ.

ಅದೇ ಹೊತ್ತಿಗೆ, ಹೆಂಗಸರು ಮೊದಲು ಹೆಕ್ಕಿದ ಮೂಲೆಯ ಕಂಬದಲ್ಲಿ, ಪಟ್ಟೆ ಕೂದಲೆಳೆಯಷ್ಟು ಮೇಲೆದ್ದಿತು. ವಾರಿಜಾ ಪರದೆಗೆ ಬೆರಳಿಟ್ಟು ತೋರಿಸಿದರು. "ನೋಡಿ. ಮತ್ತೆ ಶುರುವಾಗ್ತಿದೆ. ಇದು ಕೆಲಸ ಮಾಡ್ತದೆ. ನೋಡಿ ಸ್ವಲ್ಪ."

"ಮಾಡ್ತದೆ," ಎಂದು ಅವನು ಒಪ್ಪಿಕೊಂಡ. "ನಾವು ಇಲ್ಲ ಅಂದೇ ಇಲ್ಲವಲ್ಲ."

*

ಸಮಿತಿಯವರು ಬಂದು ಫೋನಿನಲ್ಲಿದ್ದ ಆ ದನಿಗಳನ್ನು ಕೇಳಿದರು. ಅವರಲ್ಲಿ ಒಬ್ಬ ಹಿರಿಯರು ಪಾಯಸದ ಮಾತಿಗೆ ನಕ್ಕರು, ಆಮೇಲೆ ನಕ್ಕದ್ದಕ್ಕೆ ಕ್ಷಮೆ ಕೇಳಿದರು. ಕರಾರು ಸ್ಪಷ್ಟವಾಗಿದೆ, ತಮ್ಮ ಕೈಯಲ್ಲಿ ಏನೂ ಉಳಿದಿಲ್ಲ ಎಂದರು. ಕಂಪನಿ ಬಿಟ್ಟು ಹೋಗುತ್ತದೆ ಎಂದು ಊರವರನ್ನು ಕರೆದು ಹೇಳುವಾಗ ಯಾರೂ ಜಗಳ ತೆಗೆಯಲಿಲ್ಲ. ಅಷ್ಟು ವರ್ಷ ಅರ್ಜಿ ಬರೆದವರಿಗೆ ಜಗಳದ ಶಕ್ತಿ ಉಳಿದಿರಲಿಲ್ಲ. ಕಾಶವ್ವ ಮಾತ್ರ ಎದ್ದು ನಿಂತಳು.

"ಹೇಳದs ತಗೊಂಡಿದ್ರ ಇರ್ತಿದ್ರೇನ್ರಿ ನೀವು?"

"ಬಹುಶಃ," ಎಂದರು ಹಿರಿಯರು.

ಅವಳು ತಲೆಯಾಡಿಸಿ ಕೂತಳು.

ಪರದೆಗಳು ಹೋದವು, ಕಂಬಗಳು ಹೋದವು, ಕುರ್ಚಿಗಳೂ ಹೋದವು. ರಕ್ತದ ವ್ಯಾನು ನಿಂತಿತು. ಟ್ಯಾಂಕರನ್ನು ಪಂಚಾಯತಿ ವಹಿಸಿಕೊಂಡು ದಿನ ಬಿಟ್ಟು ದಿನ ಕಳಿಸುವಂತಾಯಿತು. ಪದರವನ್ನು ಕಂಪನಿ ಕೊಂಡೊಯ್ಯಲಿಲ್ಲ. ಕೊಲ್ಲಲು ಖರ್ಚಿತ್ತು, ಒಯ್ಯಲು ಅದಕ್ಕಿಂತ ಹೆಚ್ಚು ಖರ್ಚಿತ್ತು.

ಹೊರಡುವ ದಿನ ವಾರಿಜಾ ತಾವೇ ಮಹಾನಂದಾಳ ರಕ್ತ ತೆಗೆದು, ಪೆಟ್ಟಿಗೆಗೆ ಹಾಕಬೇಕಿದ್ದ ಯಂತ್ರವನ್ನು ಕೊನೆಯ ಸಲ ಚಾಲೂ ಮಾಡಿದರು. ಮೂವತ್ತೊಂದು.

"ಇಳೀತಿದೆ. ಇಪ್ಪತ್ತಕ್ಕೆ ಬರ್ತದೆ. ನೆಲ ಹೀಗೇ ಹಸಿದಿದ್ರೆ, ನೀನು ಬಾವಿ ನೀರು ಮುಟ್ಟದಿದ್ರೆ."

"ಬಂದದ್ದು ಹ್ಯಾಂಗ ಗೊತ್ತಾಗತೈತ್ರಿ?"

ವಾರಿಜಾ ಯಂತ್ರದ ವೈರನ್ನು ಸುತ್ತಿದರು. ತಪ್ಪಾಗಿ ಸುತ್ತಿದ್ದರಿಂದ ಬಿಚ್ಚಿ ಮತ್ತೆ ಸುತ್ತಿದರು. "ಗೊತ್ತಾಗುದಿಲ್ಲ," ಎಂದರು. "ಬೂದಿಬಣ್ಣ ಇದ್ರೆ ಅದು ಕೆಲಸ ಮಾಡ್ತಿದೆ. ಅಷ್ಟೇ ಗೊತ್ತಾಗುದು."

ಅವರ ಜೀಪು ಹೋದ ಮೇಲೆ ಗೇಟು ತೆರೆದೇ ಇತ್ತು. ಕಾಶವ್ವ ಹೋಗಿ ಅದನ್ನು ಎಳೆದುಕೊಂಡು, ಹಗ್ಗದಿಂದ ಕಟ್ಟಿದಳು.

ಅಂದಿನಿಂದ ಅದು ಅವಳ ಕೆಲಸವಾಯಿತು. ಯಾರೂ ವಹಿಸಿದ್ದಲ್ಲ. ಬೆಳಿಗ್ಗೆ ಕೋಲು ಹಿಡಿದು ಹೋದರೆ ಬಿಸಿಲೇರುವ ತನಕ ಬೇಲಿ ಸುತ್ತುತ್ತಿದ್ದಳು. ಸಂಜೆ ಸಿದ್ದವ್ವನ ಪಾಳಿ. ಆಡು ಓಡಿಸುವುದು, ಹುಲ್ಲಿನ ಮೊಳಕೆ ಕಂಡರೆ ಕೀಳುವುದು, ಹಾರಿಬಂದ ಎಲೆ ಹೆಕ್ಕುವುದು. ಮಳೆಗಾಲದಲ್ಲಿ ಹೆಂಗಸರೆಲ್ಲ ಸೇರಿ ಸಾಲು ಹಿಡಿದು ಕೂರಬೇಕಾಗುತ್ತಿತ್ತು. ಈಗ ಯಾರೂ ಹೆಸರು ಹೇಳುತ್ತಿರಲಿಲ್ಲ. ಬೆನ್ನು ನೋಯುತ್ತಿತ್ತು, ಮಾತು ಕಡಿಮೆಯಾಗಿತ್ತು. ಬಿಳಿ ಮಚ್ಚೆಗಳು ಮಾಯವಾದವು. ನೆಲ ಬೂದಿಬಣ್ಣಕ್ಕೆ ತಿರುಗಿತು, ಹಾಗೇ ಉಳಿಯಿತು.

ಮಹಾನಂದಾ ಕಾದಳು. ಅಂಕಿ ಇದ್ದಾಗ ಕಾಯುವುದು ಒಂದು ಬಗೆ, ಅದಕ್ಕೆ ಮೆಟ್ಟಿಲುಗಳಿರುತ್ತವೆ. ಈಗ ಬರೀ ಬಯಲು. ಪೇಟೆಯ ದವಾಖಾನೆಯಲ್ಲಿ ಕೇಳಿದರೆ ಅಂಥ ಪರೀಕ್ಷೆಯ ಹೆಸರನ್ನೇ ಅವರು ಕೇಳಿರಲಿಲ್ಲ. ಬೇಕಾದರೆ ಸಕ್ಕರೆ ನೋಡುತ್ತೇವೆ ಎಂದರು. ಮಾನಿಂಗಪ್ಪ ಈಗ ಬಂದಾಗ ಪಟ್ಟೆಗಳ ಬಗ್ಗೆ ಕೇಳುವಂತಿರಲಿಲ್ಲ. "ನೆಲಾ ಹ್ಯಾಂಗೈತಿ?" ಎನ್ನುತ್ತಿದ್ದ. "ಬೂದಿಬಣ್ಣ," ಎನ್ನುತ್ತಿದ್ದಳು. ಇಬ್ಬರೂ ಊಟಕ್ಕೆ ಕೂರುತ್ತಿದ್ದರು. ಮತ್ತೊಂದು ಮಳೆಗಾಲ ಕಳೆಯಿತು, ಇನ್ನೊಂದು ಬಂತು. ಒಂದು ಸಂಜೆ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂಕಿ ಇಪ್ಪತ್ತಾಗಿರಬಹುದು. ಇಪ್ಪತ್ತೈದಿರಬಹುದು. ಅವಳಿಗೆ ಕಾದು ಸಾಕಾಗಿತ್ತು.

ಬಸಿರಿನ ಐದನೆಯ ತಿಂಗಳಿನಲ್ಲಿ ಅವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆಗೆ ನೀರು ಒಯ್ಯುವಾಗ ರೊಟ್ಟಿಯನ್ನೂ ಸುತ್ತಿಕೊಂಡು ಹೋದಳು, ನಡೆಯುತ್ತಲೇ ತಿನ್ನುತ್ತ. ಬೇಲಿಯ ಹತ್ತಿರ ಬಂದಾಗ ನಿಂತಳು. ನೆಲ ಹಿಂದೆಂದೂ ಇಲ್ಲದಷ್ಟು ತೆಳ್ಳಗೆ ಕಂಡಿತು, ಕೆಲವೆಡೆ ಕೆಳಗಿನ ಕರಿಮಣ್ಣು ತೋರುವಷ್ಟು. ವಿಷ ಮುಗಿಯುತ್ತ ಬಂದಿತೋ, ತಿನ್ನುವವಳೇ ಮುಗಿಯುತ್ತ ಬಂದಳೋ, ಅವಳು ಅರಿಯಳು. ಹೇಳುವವರು ಯಾರೂ ಇರಲಿಲ್ಲ. ಹೊಟ್ಟೆಯೊಳಗೆ ಕೂಸು ಮೆಲ್ಲಗೆ ಹೊರಳಿತು. ಅದರ ಮೈಯಲ್ಲಿ ಎಷ್ಟು ಇಳಿದಿದೆಯೋ ಎಂದು ಯೋಚಿಸಿದೊಡನೆ ಅವಳ ಕೈ ತಾನಾಗಿ ರೊಟ್ಟಿಯಿಂದ ಒಂದು ತುಂಡು ಮುರಿದಿತ್ತು. ಕಲಿತದ್ದೆಲ್ಲ ತಲೆಯಲ್ಲೇ ಇತ್ತು. ಕೈ ಬೇಲಿಯ ಮೇಲೆ ಹೋಗಿತ್ತು.

ಕಾಶವ್ವ ಎಲ್ಲಿಂದ ಬಂದಳೋ, ಆ ಮಣಿಕಟ್ಟನ್ನು ಹಿಡಿದುಕೊಂಡಳು. ಮುದುಕಿಯ ಹಿಡಿತ ಗಟ್ಟಿಯಾಗಿತ್ತು. ಬೆರಳುಗಳ ನಡುವಿನ ತುಂಡನ್ನು ಬಿಡಿಸಿ ತೆಗೆದು, ಸೊಸೆಯ ಬಾಯಿಗಿಟ್ಟಳು.

"ನೀ ತಿನ್ನು."

ಮಹಾನಂದಾ ಅಗಿಯಲಾರದೆ ನಿಂತಳು.

"ತಿನ್ನಂದ್ನಲ್ಲಾ," ಎಂದಳು ಕಾಶವ್ವ, ನೆಲದ ಕಡೆಗೆ ಬೆನ್ನು ಮಾಡಿ. "ಅಕಿ ಹಸೀಲಿ."